ಟ್ರಯಲ್‌ಗೆ ಕೊಟ್ಟ ಗಾಡಿ

ಬೈಕಿನ ಕಿಕ್ ತಿರುಗಿ ಬಡಿದ ರಭಸಕ್ಕೆ ಕುಶಾಲ್‌ನ ಮೊಣಕಾಲಿನ ಕೆಳಗೆ ಚರ್ಮ ಸುಲಿದು, ಪ್ಯಾಂಟಿಗೆ ರಕ್ತ ಹತ್ತಿತು. ಅವನು ಕೆಟ್ಟ ಮಾತು ಬೈದು ಬೂಟುಗಾಲಿನಿಂದ ಬೈಕಿಗೇ ಒದ್ದ.

“ಒದೀಬೇಡಿ ಸರ್,” ಅಂದ ಯತಿನ್. “ಕಿಕ್ ವಾಪಸ್ ಹೊಡೀತದೆ ಅಂತ ಮೊದ್ಲೇ ಹೇಳಿದ್ದೆ.”

ರಮಿತಾ ಗ್ಯಾರೇಜಿನ ಬಾಗಿಲಲ್ಲಿ ನಿಂತಿದ್ದಳು. ತಮ್ಮಿಬ್ಬರ ಮದುವೆಗೆ ಮುಂಚೆ ಒಂದು ಹಳೆಯ ಕಾಲದ ಬೈಕು ಕೊಳ್ಳಬೇಕೆಂದು ಕುಶಾಲ್ ಅವಳನ್ನೂ ಉಲ್ಹಾಸನಗರದ ಈ ಗಲ್ಲಿಗೆ ಕರೆತಂದಿದ್ದ. ಮಾರುವವನು ಯತಿನ್ ಎಂದು ಅವಳಿಗೆ ಗೊತ್ತಿರಲಿಲ್ಲ. ಡೊಂಬಿವಲಿಯ ಹಳೆಯ ಬಿಲ್ಡಿಂಗಿನಲ್ಲಿ ಅವಳ ಮನೆಗೂ ಯತಿನ್‌ನ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಗೋಡೆ ತಟ್ಟಿ ಕರೆಯುವಷ್ಟು ಸಲಿಗೆ. ಕೆಡವಿ ಹೊಸದು ಕಟ್ಟಲು ಬಿಲ್ಡಿಂಗ್ ರಿಡೆವಲಪ್‌ಮೆಂಟಿಗೆ ಹೋದಾಗ ಅವರೊಂದು ಕಡೆ, ಇವರೊಂದು ಕಡೆ.

ಯತಿನ್ ಅವಳ ಮುಖ ನೋಡಿದ. ಆಮೇಲೆ ಅವಳ ಮಣಿಕಟ್ಟಿನ ನೀಲಿ ಗುರುತು ನೋಡಿದ. ಅವಳು ದುಪಟ್ಟಾ ಎಳೆದುಕೊಂಡಳು.

“ಗಾಡಿ ನಾನೇ ಪೂರ್ತಿ ಬಿಚ್ಚಿ ಕಟ್ಟಿದ್ದು,” ಯತಿನ್ ಕುಶಾಲ್‌ಗೆ ಹೇಳಿದ. “ಟ್ಯಾಂಕಲ್ಲಿ ಡೆಂಟ್ ಉಂಟು. ಆಯಿಲ್ ಜಿನುಗ್ತದೆ. ಮುಂದಿನ ಬ್ರೇಕ್ ನಂಬಬೇಡಿ. ಮುಖ್ಯ ವಿಷಯ, ಇದು ಹಳೇ ಗಾಡಿ. ಬ್ರೇಕ್ ಎಡಗಾಲಿಗೆ, ಗೇರ್ ಬಲಗಾಲಿಗೆ. ಮರೆತ್ರೆ ಕಷ್ಟ.”

“ಗೊತ್ತು ಬಿಡೋ. ಎಷ್ಟು ಗಾಡಿ ಓಡ್ಸಿದೀನಿ ನಾನು.”

“ಟ್ರಯಲ್ ಹೋಗುವವರು ಏನಾದ್ರೂ ಇಟ್ಟು ಹೋಗ್ಬೇಕು. ಫೋನ್, ಲೈಸೆನ್ಸ್... ಇಲ್ಲಿ ಎಲ್ರೂ ಹಾಗೇ.”

ಕುಶಾಲ್ ನಕ್ಕ. ರಮಿತಾಳ ತೋಳು ಹಿಡಿದು ಸ್ಟೂಲಿನ ಮೇಲೆ ದಬ್ಬಿದ. “ಇವ್ಳನ್ನ ಇಟ್ಕೋ. ನಾನು ಬರೋ ತನಕ ಅಲ್ಲಾಡಲ್ಲ. ಅಲ್ವೇನೇ?”

ಬೈಕು ಗುಡುಗಿಕೊಂಡು ಹೋಯಿತು. ನೀಲಿ ಹೊಗೆ ಇಬ್ಬರ ನಡುವೆ ನಿಂತು, ಮೆಲ್ಲಗೆ ಕರಗಿತು.

“ಚಹಾ ಕುಡೀತಿಯಾ?” ಅವನು ಕೇಳಿದ.

“ಒತ್ತೆ ಇಟ್ಟ ಸಾಮಾನಿಗೆ ಚಹಾ ಕೊಡ್ತಾರಾ ಇಲ್ಲಿ?”

“ಒಳ್ಳೆ ಸಾಮಾನಾದ್ರೆ ಖಾರಿ ಬಿಸ್ಕತ್ತೂ ಕೊಡ್ತೇವೆ.”

ನಗು ಅವಳಿಗೆ ತಿಳಿಯದ ಹಾಗೆ ಬಂದುಬಿಟ್ಟಿತು. ಅವನ ಹುಬ್ಬಿನ ಮೇಲೆ ಗ್ರೀಸಿನ ಗೀರು. ಒರೆಸಲೆಂದು ಎದ್ದ ಬೆರಳನ್ನು ಅವಳು ಮಡಿಲಲ್ಲೇ ಮಡಚಿಟ್ಟಳು. ಅವನು ಅದನ್ನೂ ನೋಡಿದ.

“ಕೈಗೆ ಎಂಥ ಆಯ್ತು?”

“ಬಾಗಿಲಿಗೆ ಸಿಕ್ಕಿತು.”

“ಬಾಗಿಲಿಗೆ ಐದು ಬೆರಳು ಉಂಟಾ ಮಾರಾಯ್ತಿ?”

ಅವಳು ಕೆಳಗೆ ನೋಡಿದಳು. “ಬರುವ ತಿಂಗಳು ಮದುವೆ, ಯತಿನ್. ಅಮ್ಮ ಎಲ್ಲರನ್ನೂ ಕರೆದಾಗಿದೆ.”

“ನಾನು ಅಮ್ಮನ ವಿಷಯ ಕೇಳ್ಲಿಲ್ಲ.”

ಅಷ್ಟರಲ್ಲಿ ಗಲ್ಲಿಯ ತುದಿಯಲ್ಲಿ ಕಬ್ಬಿಣ ಕಲ್ಲಿಗೆ ಉಜ್ಜಿದ ಸದ್ದು, ಜನರ ಕೂಗು. ಟೆಂಪೊ ಅಡ್ಡ ಬಂದಿತ್ತು. ಕುಶಾಲ್ ಅಭ್ಯಾಸದಂತೆ ಬಲಗಾಲು ಒತ್ತಿದ್ದ; ಅಲ್ಲಿದ್ದದ್ದು ಗೇರ್. ಹಣೆಯಿಂದ ರಕ್ತ ಇಳಿಯುತ್ತಿದ್ದಂತೆಯೇ ಅವನು ಓಡಿ ಬಂದ. ಹಿಂದೆಯೇ ಗುಂಪು ಬಂತು. ಕುಶಾಲ್ ಬಂದವನೇ ಯತಿನ್‌ನ ಎದೆಗೆ ಗುದ್ದಿದ. ಯತಿನ್ ಸ್ಪ್ಯಾನರುಗಳ ಹಲಗೆಯ ಮೇಲೆ ಬಿದ್ದ.

“ಬ್ರೇಕ್ ಎಲ್ಲಿದೆ ಅಂತ ಈ ನನ್ಮಗ ಹೇಳ್ಲೇ ಇಲ್ಲ! ಸಾಯಿಸೋಕೆ ನೋಡ್ದ. ನನ್ನ ಹೆಂಡ್ತಿ ಆಗೋಳು ಇಲ್ಲೇ ಇದ್ಳು, ಅವ್ಳನ್ನೇ ಕೇಳಿ. ಹೇಳೇ!”

ಗುಂಪಿನಲ್ಲಿ ಒಬ್ಬನ ಕೈಯಲ್ಲಿ ಆಗಲೇ ಇಟ್ಟಿಗೆ ಇತ್ತು. ಕುಶಾಲ್‌ನ ಮಾತಿಗೆ ಅವಳು ಹೂಂ ಅಂದರೆ ಗ್ಯಾರೇಜು ಉಳಿಯುವುದಿಲ್ಲ, ಯತಿನ್ ಉಳಿಯುವುದೂ ಅನುಮಾನ. ಇಲ್ಲ ಅಂದರೆ ಅವಳ ಮದುವೆ ಉಳಿಯುವುದಿಲ್ಲ. ಕುಶಾಲ್‌ನ ಬೆರಳು ಅದೇ ನೀಲಿ ಗುರುತಿನ ಮೇಲೆ ಬಿಗಿಯಿತು.

“ಹೇಳಿದ್ದಾನೆ,” ಅಂದಳು ರಮಿತಾ. “ಎಡಗಾಲಿಗೆ ಬ್ರೇಕ್ ಅಂತ ಸರೀ ಹೇಳಿದ್ದಾನೆ. ನೀವೇ ಗೊತ್ತು ಅಂದ್ರಿ.”

ಏಟು ಬಿದ್ದದ್ದು ಅವಳಿಗೆ ಕಾಣಲಿಲ್ಲ. ಕಿವಿ ಗುಂಯ್‌ಗುಟ್ಟಿತು, ಬಾಯಿಗೆ ರಕ್ತದ ರುಚಿ ಬಂತು. ಕಣ್ಣು ಬಿಟ್ಟಾಗ ಯತಿನ್ ಎದ್ದು ನಿಂತಿದ್ದ. ಟಯರು ಕಳಚುವ ಕಬ್ಬಿಣದ ಪಟ್ಟಿ ಅವನ ತಲೆಯ ಮೇಲಕ್ಕೆ ಎದ್ದಿತ್ತು.

“ಕೆಳಗಿಡು, ಯತಿನ್.”

“ಇವನ ಕೈ ಮುರೀತೇನೆ.”

“ಕೈ ಎತ್ತುವವನು ಒಬ್ಬ ಸಾಕಾಗಿದೆ ನನಗೆ. ನೀನೂ ಹಾಗೆ ಆಗ್ಬೇಡ.”

ಯತಿನ್ ಕೈ ಇಳಿಸಿದ. ಪಟ್ಟಿ ಠಣ್ಣನೆ ನೆಲಕ್ಕೆ ಬಿತ್ತು. ಅದೇ ಗಳಿಗೆಗೆ ಕುಶಾಲ್ ಅವನ ಬಾಯಿಗೆ ಗುದ್ದಿದ. ಇನ್ನೊಂದು ಸಲ ಗುದ್ದಿದ. ಯತಿನ್ ತಿರುಗಿ ಹೊಡೆಯಲಿಲ್ಲ. ರಮಿತಾಳಿಗೆ ಅಡ್ಡವಾಗಿ ನಿಂತ, ಕದಲಲಿಲ್ಲ. ಪಕ್ಕದ ವೆಲ್ಡಿಂಗ್ ಅಂಗಡಿಯ ರೇವಣಸಿದ್ದ ನುಗ್ಗಿ ಬಂದು ಕುಶಾಲ್‌ನ ಕಾಲರ್ ಹಿಡಿದ.

“ಏ ತಮ್ಮಾ, ಹೆಣ್ಮಗಳ ಮ್ಯಾಲೆ ಕೈ ಮಾಡ್ತಿ? ನಡಿ ಹೊರಗ. ಇಲ್ಲಾಂದ್ರ ಎತ್ತಿ ಗಟಾರಕ್ಕ ಒಗಿತೀನಿ.”

ಆಟೋ ಹತ್ತುತ್ತ ಕುಶಾಲ್ ಕೂಗಿದ. “ಈಗ ಬರ್ಲಿಲ್ಲ ಅಂದ್ರೆ ಮದ್ವೆ ಇಲ್ಲ, ತಿಳ್ಕೋ!”

“ಇಲ್ಲ,” ಅಂದಳು ರಮಿತಾ. ಅಷ್ಟೇ ಅಂದಳು.

ಗುಂಪು ಚದುರಿತು. ಯತಿನ್ ನೆಲದ ಮೇಲೆ ಕುಳಿತ. ಅವಳು ಎದುರು ಕುಳಿತು ದುಪಟ್ಟಾದ ತುದಿಯನ್ನು ಅವನ ತುಟಿಗೆ ಒತ್ತಿದಳು.

“ನೋವುಂಟಾ?”

“ಮಾತಾಡಿದ್ರೆ ಮಾತ್ರ.”

“ಹಾಗಾದ್ರೆ ಸುಮ್ನಿರು.”

“ಸುಮ್ನಿದ್ದೇ ಇಷ್ಟೆಲ್ಲ ಆದದ್ದು.” ತುಟಿ ಮತ್ತೆ ಬಿರಿದು ರಕ್ತ ಬಂತು. ಅವನು ನಿಲ್ಲಿಸಲಿಲ್ಲ. “ಆ ಬಿಲ್ಡಿಂಗಲ್ಲಿ ಇರುವಾಗ್ಲೇ ಕೇಳ್ಬೇಕಿತ್ತು. ನನ್ನ ಜೊತೆ ಇರ್ತಿಯಾ, ರಮಿ?”

ಅವಳು ಉತ್ತರ ಹೇಳುವ ಮೊದಲೇ ಫೋನ್ ಬಡಿದುಕೊಂಡಿತು. ಕುಶಾಲ್ ಆಗಲೇ ಅಮ್ಮನಿಗೆ ದೂರು ಕೊಟ್ಟಿದ್ದ.

“ನಿಜ, ಅಮ್ಮಾ. ಹೊಡೆದ್ರು. ಇದು ಮೊದಲನೇ ಸಲ ಅಲ್ಲ... ಇಲ್ಲ, ಒಬ್ಬಳೇ ಇಲ್ಲ. ಪಕ್ಕದ ಮನೆ ಯತಿನ್ ಹತ್ತಿರ ಇದ್ದೇನೆ.”

“ಅವನಿಗೆ ಫೋನ್ ಕೊಡು,” ಅಂದರು ಅಮ್ಮ ಆ ಕಡೆಯಿಂದ.

ಯತಿನ್ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಕೇಳಿಸಿಕೊಂಡ. “ಹೌದು ಆಂಟಿ... ಹೌದು, ನನ್ನ ಜೊತೆ ಇರ್ತಿಯಾ ಅಂತ ಅವಳನ್ನ ಕೇಳಿದ್ದೇನೆ. ಅವಳು ಇನ್ನೂ ಏನೂ ಹೇಳ್ಲಿಲ್ಲ.”

ರಮಿತಾ ಊದಿದ ಕೆನ್ನೆಯನ್ನು ಅವನ ಭುಜಕ್ಕೆ ಒತ್ತಿ, ಫೋನಿನ ಹತ್ತಿರ ಬಾಯಿ ತಂದಳು.

“ಹೂಂ ಅಂದಿದ್ದೇನೆ, ಅಮ್ಮಾ.”