ಬಿಚ್ಚದೆ ಉಳಿದ ಮೂರು ಗಂಟು

ಮಂಗಳವಾರ ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ, ಮುಂಬಯಿಯ ಆಂಟಾಪ್ ಹಿಲ್‌ನ ಚಾಳೊಂದರ ಕೋಣೆಯಲ್ಲಿ, ಸಂತು ತನ್ನ ತಂಗಿಯ ತೋಳಿನ ಕರಿದಾರವನ್ನು ಕತ್ತರಿಸಿದ. ಕತ್ತರಿಸಬೇಡ ಎಂದು ಶರಣವ್ವ ಎರಡು ಸಲ ಹೇಳಿದ್ದರು.

ತಂಗಿ ವೈಶಾಲಿಗೆ ಇಪ್ಪತ್ತಾರು. ಐದು ತಿಂಗಳಿಂದ ಜ್ವರ; ರಕ್ತಪರೀಕ್ಷೆಗಳಲ್ಲಿ ಏನೂ ಸಿಕ್ಕಿರಲಿಲ್ಲ. ಮಕ್ಕಳಾಗಲೆಂದು ವಿಜಯಪುರದ ಮಾಂತ್ರಿಕನೊಬ್ಬ ಏಳು ಗಂಟು ಹಾಕಿ ಆ ದಾರ ಕಟ್ಟಿದ ವಾರವೇ ಜ್ವರ ಶುರುವಾಗಿತ್ತು. ಪಕ್ಕದ ಕೋಣೆಯ ಶರಣವ್ವ ರವಿವಾರ ಯೇಸುವಿನ ಪ್ರಾರ್ಥನೆ ನಡೆಸುವವರು. ಅಲ್ಲಿಯ ಪದ್ಧತಿಯಂತೆ ಮಾಟದ ದಾರವನ್ನು ಕಟ್ಟಿಸಿಕೊಂಡವರೇ ಬಿಚ್ಚಬೇಕು. ವಾರಕ್ಕೊಂದು ಗಂಟು, ಪ್ರತಿ ಗಂಟಿಗೂ ಯೇಸುವನ್ನು ಕರೆದು. ವೈಶಾಲಿ ನಾಲ್ಕು ಬಿಚ್ಚಿದ್ದಳು. ನಾಲ್ಕನೆಯದಕ್ಕೆ ಜ್ವರ ಇಳಿದು, ಎದ್ದು ಕೂತು ಗಂಜಿ ಕುಡಿದಿದ್ದಳು.

ಸಂತು ಧಾರವಾಡದಲ್ಲಿ ಔಷಧ ಅಂಗಡಿಯವ. ಇಲ್ಲಿಗೆ ಬಂದು ಎರಡು ದಿನ. ಅಂದು ಐದು ಗಂಟೆಗೆ ಪರೇಲ್‌ನ ಆಸ್ಪತ್ರೆಯಲ್ಲಿ ವೈಶಾಲಿಗೆ ಸ್ಕ್ಯಾನ್ ಇತ್ತು; ಮೈಮೇಲೆ ಲೋಹ ಇರಬಾರದು. ದಾರದಲ್ಲಿ ತಾಮ್ರದ ತಗಡಿದ್ದುದರಿಂದ ತೆಗೆಯಲೇಬೇಕೆಂದು ಹಟ ಹಿಡಿದ.

"ಇನ್ನ ಮೂರು ಗಂಟು ಅದಾವ, ತಮ್ಮಾ. ಆಕಿನ ಬಿಚ್ಚಲಿ," ಎಂದರು ಶರಣವ್ವ.

"ಯಾಕ ಯವ್ವಾ, ನಿಮ್ಮ ಯೇಸುನ ಕಡೆ ಕತ್ತರಿ ಇಲ್ಲೇನು?"

ವೈಶಾಲಿಗೂ ನಗು ಬಂತು.

ದಾರ ತುಂಡಾದೊಡನೆ ಕೂದಲು ಸುಟ್ಟ ವಾಸನೆ ಹಬ್ಬಿತು. ಬಲ್ಬು ಉರಿಯುತ್ತಲೇ ಇತ್ತು, ಕೋಣೆ ಮಾತ್ರ ಮೂಲೆಗಳಿಂದ ಕಪ್ಪಾಗುತ್ತ ಬಂತು. ಹಗ್ಗ ಬಿಗಿದಂಥ ಸದ್ದು ಮೂರು ಸಲ ಕೇಳಿತು. ವೈಶಾಲಿ ಕುತ್ತಿಗೆ ಹಿಡಿದುಕೊಂಡಳು. ಯೇಸಪ್ಪಾ ಎಂದು ತುಟಿ ಅಲ್ಲಾಡಿತು. ದನಿ ಹೊರಡಲಿಲ್ಲ.

ಶರಣವ್ವ ಮೊಣಕಾಲೂರಿ ಪ್ರಾರ್ಥಿಸಿದರು. ಆಮೇಲೆ ಸಂತುವಿನ ಕೈ ಹಿಡಿದು ಮೆಲ್ಲಗೆ ಹೇಳಿದರು: "ಆಕಿ ದನಿ ಹೋತು. ಕತ್ತರಿಸಿದಾಂವ ನೀನು, ನೀನ ಕರಿಬೇಕು. ನಂಬಿ ಕರಿ."

ಸಂತು ಕರೆದ. ಬಾಗಿಲಲ್ಲಿ ನೆರೆಯವರು ನಿಂತಿದ್ದರು, ನಾಚಿಕೆಯಾಯಿತು. ಇನ್ನೊಮ್ಮೆ ಕರೆದ, ಅವರಿಗೆ ಕೇಳಲೆಂದು. ವೈಶಾಲಿಯ ಉಗುರು ನೀಲಿಯಾಯಿತು. ಕರೆದ. ಅವಳ ಕಣ್ಣು ಅವನ ಮೇಲೇ ಇತ್ತು. ಕರೆದ. ಕತ್ತಲು ಮಂಚ ಮುಟ್ಟಿತು. ಅವಳ ಬೆರಳು ತಣ್ಣಗಾಯಿತು. ಆಗ ಅವನ ಗಂಟಲು ಒಡೆದು ನಿಜವಾದ ಕರೆ ಬಂತು. ಕೋಣೆ ತಟ್ಟನೆ ಬೆಳಗಿತು.

ಅಷ್ಟರಲ್ಲಿ ಅವಳ ಉಸಿರು ನಿಂತಿತ್ತು. ಮೂರು ಮೂವತ್ತೈದು.

ಮುಂದಿನ ರವಿವಾರದ ಪ್ರಾರ್ಥನೆಗೆ ಸಂತು ಎಲ್ಲರಿಗಿಂತ ಮೊದಲು ಬಂದು ಗೋಡೆಗೊರಗಿ ಕೂತ. ಪ್ರಾರ್ಥಿಸೆಂದು ಶರಣವ್ವ ಅವನ ಹೆಸರು ಹೇಳಿ ಕರೆದಾಗ ಬಾಯಿ ತೆರೆದ. ದನಿ ಹೊರಡಲಿಲ್ಲ.