ಹಾಡಿಗೆ ಹೊಂದದ ದೀಪ

ಸುಣ್ಣದ ಬುಟ್ಟಿ ತೊಳೆಯುವಾಗ ಠಣ್ಣೆಂದು ಬಿದ್ದವು — ಎರಡು ಬೆಳ್ಳಿ ಕೊಂಡಿ! ಗಜೇಂದ್ರಗಡದ ಮಂದಿ ಕೂಲಿ ಉಡಚಪ್ಪನ ಕೊರಳು ಹಿಡಿದು ಚೌಕಿಗೆ ತಂದು ದೂಡಿದರು. ಗುಡಿಗೆ ಸುಣ್ಣ ಹಚ್ಚಿದವನು ಅವನೇ. ಅಂಥ ಕೊಂಡಿ ಇದ್ದದ್ದು ಗುಡಿಯ ತೂಗುದೀಪದ ಹದಿಮೂರು ಅಡಿ ಸರಪಳಿಯಲ್ಲಿ ಮಾತ್ರ.

ಫೌಜದಾರ ಅಂದಾನೆಪ್ಪ ಹೋಗಿ ನೋಡಿದರೆ ಸರಪಳಿ ಇದ್ದಂತೆಯೇ ಇದೆ! ದೀಪ ಮೊದಲಿನ ಎತ್ತರದಲ್ಲೇ ಇದೆ. ಮಾಲು ಕೈಯಲ್ಲಿದೆ, ಕಳವೇ ಕಾಣುತ್ತಿಲ್ಲ. ಇದೆಂಥ ಪೀಡೆ! ಆ ಸಿಟ್ಟಿಗೆ ಉಡಚಪ್ಪನಿಗೆ ನಾಲ್ಕು ಬಿಗಿದ. ಆದರೂ ಅವನದು ಒಂದೇ ಮಾತು — "ನನಗ ಗೊತ್ತಿಲ್ರಿ."

"ಸುಣ್ಣಾ ಹಚ್ಚುವಾಗ ಸರಪಳಿ ಇಳಿಸಿದವ್ರು ಯಾರ್ರಿ?" ಗುಡಿಗೆ ಹೋಗಿ ಅಲ್ಲಿನ ಪಂಚ ಪ್ರಭುಲಿಂಗಪ್ಪನವರನ್ನು ಮತ್ತೆ ಕೇಳಿದ.

"ನಾನ ಇಳಿಸಿದೆ, ನಾನ ಏರಿಸಿದೆ. ಬಾಗಲಾ ಹಾಕ್ಕೊಂಡು, ಮಡೀಲೆ. ಬ್ಯಾರೇರ ಕೈ ಹತ್ತಗೊಡಲಿಲ್ಲ. ಕಳ್ಳ ಸಿಕ್ಕಾನಲ್ಲ, ನಾಳೆ ರೋಣದ ಕೋರ್ಟಿಗೆ ಕಳಸ್ರಲ್ಲ!"

"ಏನಂತ ಬರದ ಕಳಸ್ಲಿ? ಇದ್ದದ್ದ ಕಳುವಾಗೇತಿ ಅಂತನ?"

ಉಡಚಪ್ಪನ ತಾಯಿ ದೇವವ್ವ ದಿನದಂತೆ ಅಂದೂ ಬೆನ್ನು ಹತ್ತಿದ್ದಳು. ದಿನಾ ಸಂಜೆ ಗುಡಿಯಲ್ಲಿ ಪದ ಹಾಡುವ ಮುದುಕಿ.

"ಯಪ್ಪಾ, ದೀಪಕ್ಕ ಏನೋ ಆಗೇತ್ರಿ. ಮೊದಲ ಅದನ್ನ ತೂಗಿಬಿಟ್ಟು ಹಾಡತಿದ್ವಿ. ಹಾಡು ಒಂದ ಸಾಲ ಮುಗಿಯೂದ್ರಾಗ ಹೋಗಿ ಬರತಿತ್ತು. ಸುಣ್ಣ ಹಚ್ಚಿದಾಗಿಂದ ಸಾಲ ಇನ್ನಾ ಕಾಲುಪಾಲು ಉಳದಿರತೈತಿ, ಅದು ಬಂದ ಬಿಟ್ಟಿರತೈತಿ!"

"ನಿನ್ನ ಹಾಡ ತಗೊಂಡು ನಾ ಏನ್ ಮಾಡ್ಲಿ, ಯವ್ವಾ!"

ಗದರಿ ಮೆಟ್ಟಿಲಿಳಿದವನು ಗಕ್ಕನೆ ನಿಂತ. ಒಳಗೆ ಓಡಿ ದೀಪ ತೂಗಿಬಿಟ್ಟ. ಗಡಿಯಾರ ಹಿಡಿದು ಎಣಿಸಿದ — ಹತ್ತು ಸಲ ಹೋಗಿ ಬರಲು ಇಪ್ಪತ್ತೊಂಬತ್ತೇ ಸೆಕೆಂಡು!

"ನಿಚ್ಚಣಿಕಿ ತರ್ರಿ!"

"ಯಾಕ್ರಿ? ಮೈಲಿಗಿ ಆಗತೈತಿ—" ಪ್ರಭುಲಿಂಗಪ್ಪನವರು ಅಡ್ಡ ಬಂದರು.

"ಹದಿಮೂರ ಅಡಿ ಸರಪಳಿ ಒಮ್ಮೆ ಹೋಗಿ ಬರಾಕ ನಾಕ ಸೆಕೆಂಡ್ ಬೇಕ್ರಿ. ದೀಪಕ್ಕ ಎಣ್ಣಿ ತುಂಬ್ರಿ, ಖಾಲಿ ಬಿಡ್ರಿ, ಅಷ್ಟ ಹೊತ್ತು. ಹೊತ್ತು ಅರ್ಧ ಆದ್ರ ಉದ್ದ ಕಾಲುಪಾಲು — ಸಾಲ್ಯಾಗ ಕಲ್ತ ಲೆಕ್ಕ. ಇದು ಮೂರ ಸೆಕೆಂಡಿನೊಳಗ ಬರತೈತಿ. ಅಂದ್ರ ತೂಗೂದು ಏಳ ಅಡಿ ಅಷ್ಟ. ಮ್ಯಾಲಿನ ಆರ ಅಡಿ ಯಾಕ ಅಲುಗವಲ್ದು?"

ಏಣಿ ಏರಿದ ಪೊಲೀಸ ಕತ್ತಲೊಳಗಿಂದ ಕೂಗಿದ — "ಸಾಹೇಬ್ರ, ಮ್ಯಾಲ ಸರಪಳಿ ಇಲ್ರಿ, ಕಬ್ಬಿಣದ ಸಳಿ ಐತ್ರಿ! ಗಚ್ಚಿನಾಗ ಹುಗದು ಬೆಳ್ಳಿ ಬಣ್ಣ ಬಳದಾರ!"

"ಸರಪಳಿ ಕಡಿಯುವಾಗ ಎರಡ ಕೊಂಡಿ ಸುಣ್ಣದ ಬುಟ್ಟ್ಯಾಗ ಬಿದ್ದುವು. ಬ್ಯಾರೇರ ಕೈ ಹತ್ತಿಲ್ಲ ಅಂತ ನೀವ ಹೇಳೀರಿ, ಪ್ರಭುಲಿಂಗಪ್ಪನವರ. ನಡೀರಿ ಚೌಕಿಗೆ."

ಚೌಕಿಯ ಬೀಗವನ್ನು ಅಂದಾನೆಪ್ಪ ತಾನೇ ತೆರೆದ. ದೇವವ್ವ ಮಗನ ಅಂಗಿ ಎತ್ತಿ ಬೆನ್ನು ನೋಡಿದಳು.

"ದಿನಾ ಬಂದ ಹೇಳಿದೆ, ಸಾಹೇಬ್ರ. ಬಡಿಯೂಕಿಂತ ಮೊದಲ ಒಮ್ಮೆ ಎಣಿಸಬಾರದಿತ್ತೇನ್ರಿ?"