ಹದಿನೆಂಟನೆಯ ಮೂಲಿಕೆ

ಟಕ್!

ನನ್ನ ಬಲ ಭುಜ ಕಳಚಿತು.

ಆ ಸದ್ದು ನನಗೆ ಚೆನ್ನಾಗಿ ಗೊತ್ತು. ಮೂಳೆ ಕೂರಿಸುವ ಅಂಗಡಿಯಲ್ಲಿ ಒಂಬತ್ತು ವರ್ಷ ಕೆಲಸ ಕಲಿತವನು ನಾನು. ಬೇರೆಯವರ ಭುಜದಲ್ಲಿ ಕೇಳಿದರೆ ಏನೂ ಅನ್ನಿಸುವುದಿಲ್ಲ. ನಮ್ಮದರಲ್ಲೇ ಕೇಳಿದರೆ... ಅಬ್ಬಬ್ಬಾ!

"ಬೊಗಳೋ! ಹದಿನೆಂಟನೇದು ಯಾವುದು?"

ಕೇಳಿದವನು ಒಬ್ಬ ದಡಿಯ. ಅವನ ಜೊತೆಗಾರ ಸಣಕಲ, ಕೈಯಲ್ಲಿ ಕಬ್ಬಿಣದ ರಾಡು. ಯಾವ್ ಮಾ ಟೇ ಬಡಾವಣೆಯ ಹಣ್ಣಿನ ಮಾರ್ಕೆಟ್ಟಿನ ಹಿಂದಿನ ಗೋಡೆಗೆ ನನ್ನನ್ನು ಒತ್ತಿ ಹಿಡಿದಿದ್ದರು. ಮಟಮಟ ಮಧ್ಯಾಹ್ನ. ಹತ್ತು ಮಾರು ದೂರದಲ್ಲಿ ಹೆಂಗಸರು ಚಕ್ಕೋತಕ್ಕೆ ಚೌಕಾಸಿ ಮಾಡುತ್ತಿದ್ದರು. ಒಬ್ಬರೂ ಈ ಕಡೆ ತಿರುಗಲಿಲ್ಲ.

"ಹದಿನೆಂಟನೇದು... ಏನು?"

"ಮೂಲಿಕೆ ಕಣೋ! ಮಾಕ್ ಅಂಗಡಿ ಸಾರಾಯಿಗೆ ಬೀಳೋ ಹದಿನೆಂಟನೇ ಮೂಲಿಕೆ! ನಿನ್ನ ಹತ್ರಾನೇ ಇದೆಯಂತಲ್ಲ!"

"ಯಾವನು ಹೇಳಿದ್ದು?"

"ನಿನ್ನ ಜೊತೆ ಕಲಿತ ತಮ್ಮ. ಹೊಯಿ."

ನಗು ಬಂತು. ಭುಜ ಜೋತಾಡುತ್ತಿದ್ದರೂ ನಗು ಬಂತು, ಸ್ವಾಮಿ! ಯಾವುದಕ್ಕಾಗಿ ಹನ್ನೆರಡು ವರ್ಷ ಹೊಟ್ಟೆ ಉರಿದುಕೊಂಡೆನೋ, ಅದು ನನ್ನ ಹತ್ತಿರವೇ ಇದೆಯಂತೆ!

ಮೊಣಕಾಲೆತ್ತಿ ದಡಿಯನ ತೊಡೆಸಂದಿಗೆ ಬಿಟ್ಟೆ. "ಅಮ್ಮಾ!" ಎಂದು ಕುಸಿದ. ಸಣಕಲ ರಾಡು ಬೀಸಿದ. ಬಗ್ಗಿದೆ. ರಾಡು ಗೋಡೆಗೆ ಬಡಿಯಿತು.

ಓಟ!

ಚಕ್ಕೋತದ ಬುಟ್ಟಿ ಒದ್ದೆ. ಹಣ್ಣುಗಳು ದಾರಿ ತುಂಬ ಉರುಳಿದವು. ಸಣಕಲ ಒಂದರ ಮೇಲೆ ಕಾಲಿಟ್ಟು ಅಂಗಾತ ಬಿದ್ದ. ಈಗ ಹೆಂಗಸರು ತಿರುಗಿ ನೋಡಿದರು, ಬೈದರು. ಅವರಿಬ್ಬರನ್ನಲ್ಲ, ನನ್ನನ್ನು.

ಎರಡು ಗಲ್ಲಿ ದಾಟಿ ಗಂಜಿ ಅಂಗಡಿಯೊಂದರ ಹಿಂದೆ ನಿಂತೆ. ಬೆಲ್ಟ್ ಬಿಚ್ಚಿ ಕೈಯನ್ನು ಎದೆಗೆ ಬಿಗಿದುಕೊಂಡೆ. ಒಂದು ಕೈಯಲ್ಲಿ ನನ್ನ ಭುಜ ನಾನೇ ಕೂರಿಸಲಾರೆ. ಅದಕ್ಕೆ ಇನ್ನೊಬ್ಬರು ಬೇಕು. ಮಾಕ್ ಗುರುಗಳು ಕಲಿಸಿದ ಮೊದಲ ಪಾಠವೇ ಅದು.

ಅಂದು ಬೆಳಿಗ್ಗೆ ಪುಯಿ ಲಾನ್ ನನ್ನ ರೂಮಿಗೆ ಬಂದಿದ್ದಳು. ಗುರುಗಳ ಮಗಳು. ಹನ್ನೆರಡು ವರ್ಷದ ಮೇಲೆ ಅವಳ ಮುಖ ನೋಡಿದ್ದು. ಕಾಣೆಯಾದವರನ್ನು ಹುಡುಕುವುದು, ಜಗಳ ಬಿಡಿಸುವುದು, ಬೇಕಾದರೆ ಹಚ್ಚುವುದು ನನ್ನ ಕಸುಬು ಎಂದು ಅವಳಿಗೆ ಗೊತ್ತಿತ್ತು.

"ಕ್ವಾನಣ್ಣ, ಇವರನ್ನ ದೋಣಿಕಟ್ಟೆ ರೌಡಿ ಟಾಂಗ್ ಎಳ್ಕೊಂಡು ಹೋಗಿದ್ದಾನೆ. ಮೂರು ದಿನ ಆಯ್ತು. ಇವತ್ತು ಹೊತ್ತು ಮುಳುಗೋದರೊಳಗೆ ಸಾರಾಯಿ ಮೂಲಿಕೆಗಳ ಪೂರ್ತಿ ಪಟ್ಟಿ ಕೊಡದೇ ಇದ್ರೆ ಎರಡೂ ಕೈ ಮುರೀತಾನಂತೆ."

ಕ್ವಾನಣ್ಣ! ಆ 'ಅಣ್ಣ' ಅವಳ ಬಾಯಲ್ಲಿ ಬಂದಾಗಲೆಲ್ಲ ನನಗೆ ಮೆಣಸಿನಕಾಯಿ ಅಗಿದ ಹಾಗಾಗುತ್ತದೆ. 'ಇವರು' ಅಂದರೆ ಅವಳ ಗಂಡ ಹೊಯಿ. ನನಗಿಂತ ನಾಲ್ಕು ವರ್ಷ ತಡವಾಗಿ ಗುರುಗಳ ಹತ್ತಿರ ಸೇರಿದವನು. ಅಂಗಡಿ ಅವನಿಗೆ. ಮಗಳು ಅವನಿಗೆ. ಪೆಟ್ಟು, ಉಳುಕು, ಹೆಪ್ಪುಗಟ್ಟಿದ ರಕ್ತ, ಎಲ್ಲಕ್ಕೂ ಹಚ್ಚುವ ಆ ಸಾರಾಯಿಯ ಗುಟ್ಟೂ ಅವನಿಗೆ!

ನನಗೆ ಸಿಕ್ಕಿದ್ದು ಒಂದು ಚೀಟಿ. ಅದರಲ್ಲಿದ್ದದ್ದು ಹದಿನೇಳು ಮೂಲಿಕೆ.

ಸಾರಾಯಿಗೆ ಬೀಳುವುದು ಹದಿನೆಂಟು ಎಂದು ಅಂಗಡಿಯ ಬೋರ್ಡಿನಲ್ಲೇ ಬರೆದಿದೆ. ಗುರುಗಳು ಎಂಥ ಜಿಗುಟು ಅಂದರೆ, ಮೂಲಿಕೆಗಳನ್ನು ಮೂರು ಅಂಗಡಿಯಲ್ಲಿ ಕೊಳ್ಳುತ್ತಿದ್ದರು. ಯಾವ ಅಂಗಡಿಯವನಿಗೂ ಪೂರ್ತಿ ಗೊತ್ತಾಗಬಾರದು. ಜಾಡಿಗೆ ಹಾಕುವಾಗ ನಮ್ಮಿಬ್ಬರನ್ನೂ ಗೋಡೆ ಕಡೆ ತಿರುಗಿಸಿ ನಿಲ್ಲಿಸುತ್ತಿದ್ದರು. ಕೊನೆಗೆ, ಸಾಯುವ ಮುಂಚೆ, ಹೊಯಿಗೆ ಹದಿನೆಂಟು ಕೊಟ್ಟರು, ನನಗೆ ಹದಿನೇಳು. ಹಾಗಂತ ನಾನು ನಂಬಿದ್ದೆ.

"ಪೊಲೀಸಿನವರ ಹತ್ರ ಹೋಗು," ಎಂದೆ.

"ಹೋದ್ರೆ ಸಂಜೆಗಲ್ಲ, ಈಗಲೇ ಮುರೀತಾನೆ. ಕೈ ಹೋದ್ರೆ ಇವರು ಬದುಕಿದ್ದೂ ಸತ್ತ ಹಾಗೆ, ಅಣ್ಣ. ನಿನಗೆ ಗೊತ್ತಿಲ್ವಾ?"

ಗೊತ್ತಿತ್ತು. ಮುರಿಯಲಿ ಅಂತಲೂ ಅನ್ನಿಸಿತು. ಸುಳ್ಳು ಯಾಕೆ ಹೇಳಲಿ?

ಆದರೂ ಅವಳ ಕಣ್ಣು ನೋಡಿ ಒಪ್ಪಿಕೊಂಡೆ. ವಿಚಾರಿಸೋಣ ಎಂದು ಮಾರ್ಕೆಟ್ಟಿಗೆ ಹೋದರೆ ಟಾಂಗ್‌ನ ಕಡೆಯವರೇ ನನ್ನನ್ನು ವಿಚಾರಿಸಿಕೊಂಡರು!

ಇನ್ನು ಹುಡುಕುವುದು ಏನಿದೆ? ನೆಟ್ಟಗೆ ಟಾಂಗ್‌ನ ಗೋಡೌನಿಗೇ ನಡೆದೆ.

ದೋಣಿಕಟ್ಟೆಯ ಪಕ್ಕದಲ್ಲಿತ್ತು ಅದು. ಒಳಗೆ ಸಾವಿರಾರು ಖಾಲಿ ಬಾಟಲಿ. ಒಂದೊಂದರ ಮೇಲೂ ಹೊಸ ಲೇಬಲ್, ಲೇಬಲ್ ಮೇಲೆ ಟಾಂಗ್‌ನ ಮುಖ. ಸಾರಾಯಿ ಇನ್ನೂ ಇಲ್ಲ, ಮುಖ ಮಾತ್ರ ತಯಾರು!

"ಬಾರಪ್ಪ ಕ್ವಾನ್! ನಮ್ಮ ಹುಡುಗರನ್ನ ಒದ್ದು ಓಡಿದೆ ಅಂತ ಕೇಳ್ದೆ. ಈಗ ನೀನಾಗೇ ಬಂದಿದ್ದೀಯ?"

"ಕರೆಯೋ ರೀತೀಲಿ ಕರೆದಿದ್ರೆ ಆಗಲೇ ಬರ್ತಿದ್ದೆ."

ಹೊಯಿ ಕುರ್ಚಿಯಲ್ಲಿದ್ದ. ತುಟಿ ಒಡೆದಿತ್ತು. ಎರಡೂ ಕೈಗಳನ್ನು ಮಾಂಸ ಕತ್ತರಿಸುವ ದಿಮ್ಮಿಯ ಮೇಲೆ ಚಾಚಿ ಕಟ್ಟಿದ್ದರು. ಪಕ್ಕದಲ್ಲಿ ಸುತ್ತಿಗೆ.

ಒಳ್ಳೆಯ ಕೈಗಳು. ಮುಟ್ಟಿದರೆ ಸಾಕು, ಚರ್ಮದ ಕೆಳಗೆ ಮೂಳೆ ಎಲ್ಲಿ ಬಿರುಕು ಬಿಟ್ಟಿದೆ ಅಂತ ಅವನಿಗೆ ತಿಳಿಯುತ್ತಿತ್ತು. ನನಗೆ ಎಂದೂ ಹಾಗೆ ತಿಳಿದದ್ದಿಲ್ಲ. ಆ ಕೈ ಕಂಡರೆ ಆಗಲೂ ಆಗುತ್ತಿರಲಿಲ್ಲ. ಈಗಲೂ ಆಗುವುದಿಲ್ಲ.

"ಅಣ್ಣಾ... ನಿನ್ನ ಹೆಸರು ನಾನೇ ಹೇಳ್ಬಿಟ್ಟೆ," ಎಂದ ಹೊಯಿ.

"ಗೊತ್ತಾಯ್ತು. ಭುಜ ಹೇಳ್ತು."

ಮೂಲೆಯಲ್ಲಿ ಒಬ್ಬ ಮುದುಕ ಪಂಡಿತ ಸ್ಟೂಲಿನ ಮೇಲೆ ಕೂತಿದ್ದ. ಮೂಲಿಕೆ ಗುರುತಿಸಲು ಟಾಂಗ್ ಅವನನ್ನೂ ಹಿಡಿದು ತಂದಿದ್ದ. ಮೇಜಿನ ಮೇಲೆ ಒಂದು ಸೀಸೆ. ಗುರುಗಳ ಹಳೇ ಜಾಡಿಯಿಂದ ತೆಗೆದ ಕಪ್ಪು ಸಾರಾಯಿ. ಆ ವಾಸನೆ ಮೂಗಿಗೆ ಬಡಿದು ಒಂದು ಕ್ಷಣ ಗುರುಗಳೇ ಪಕ್ಕದಲ್ಲಿ ನಿಂತ ಹಾಗಾಯಿತು.

"ಈ ಪಂಡಿತರು ಮೂಸಿ ನೋಡಿ ಹೇಳ್ತಾರೆ, ಇವನು ಬರೆದುಕೊಟ್ಟದ್ರಲ್ಲಿ ಒಂದು ಕಮ್ಮಿ ಇದೆ ಅಂತ. ಯಾವುದು? ಓದಿ ಹೇಳು!" ಟಾಂಗ್ ಕಾಗದವನ್ನು ನನ್ನ ಮುಖಕ್ಕೆ ಎಸೆದ.

ಓದಿದೆ. ಎಣಿಸಿದೆ. ಮತ್ತೆ ಎಣಿಸಿದೆ.

ಹದಿನೇಳು!

ನನ್ನ ಚೀಟಿಯಲ್ಲಿ ಇಲ್ಲದ ಒಂದು ಹೆಸರು ಅಲ್ಲಿತ್ತು. ನನ್ನ ಚೀಟಿಯಲ್ಲಿದ್ದ ಒಂದು ಹೆಸರು ಅಲ್ಲಿರಲಿಲ್ಲ. ಮೂರು ದಿನ ಒದೆ ತಿಂದವನು ಸುಳ್ಳು ಬರೆದಿರಲಿಲ್ಲ. ಅವನಿಗೂ ಗುರುಗಳು ಕೊಟ್ಟದ್ದು ಅಷ್ಟೇ!

ಹೊಟ್ಟೆ ತಣ್ಣಗಾಯಿತು, ಸ್ವಾಮಿ. ಹನ್ನೆರಡು ವರ್ಷದ ಉರಿ ಒಂದೇ ಸಲಕ್ಕೆ ಇಳಿಯಿತು. ಆ ಕಾಗದದಲ್ಲಿ ಹದಿನೆಂಟು ಇದ್ದಿದ್ದರೆ... ನಾನು ಬಂದ ದಾರಿಗೆ ಸುಂಕವಿಲ್ಲ ಎಂದು ವಾಪಸ್ ಹೋಗುತ್ತಿದ್ದೆನೋ ಏನೋ.

"ಹೇಳ್ತೀಯೋ, ಸುತ್ತಿಗೆ ಎತ್ಲೋ?"

ಆಗ ಟಾಂಗ್‌ನ ಕೈ ನೋಡಿದೆ. ಹೊಯಿಯ ಹಲ್ಲಿಗೆ ಗುದ್ದಿ ಗುದ್ದಿ ಬೆರಳ ಗೆಣ್ಣಿನ ಚರ್ಮ ಕಿತ್ತುಹೋಗಿತ್ತು. ಕೆಂಪಗೆ ಹಸಿ ಮಾಂಸ.

"ಹೇಳ್ತೀನಿ. ಆದ್ರೆ ಸರಕಿನ ಗುಣ ನೋಡದೆ ವ್ಯಾಪಾರ ಮಾಡೋನಾ ನೀನು? ಕೈ ಊದಿದೆಯಲ್ಲ. ಹಚ್ಚಿ ನೋಡು. ಒಂದು ಸಿಗರೇಟ್ ಸೇದೋದರೊಳಗೆ ನೋವು ಗೊತ್ತಾಗಲ್ಲ. ಆ ಮೇಲೆ ಹೆಸರು ಕೇಳು."

ಹೊಯಿ ತಟ್ಟನೆ ತಲೆ ಎತ್ತಿದ. ಬಾಯಿ ತೆರೆದ. ಅವನ ಕಾಲನ್ನು ಬಲವಾಗಿ ತುಳಿದೆ.

ಪಂಡಿತನೂ ಬಾಯಿ ತೆರೆದ. ಟಾಂಗ್‌ನನ್ನು ಒಮ್ಮೆ ನೋಡಿದ. ಬಾಯಿ ಮುಚ್ಚಿಕೊಂಡು ಕಿಟಕಿಯಾಚೆ ದೋಣಿಗಳನ್ನು ನೋಡತೊಡಗಿದ.

ಟಾಂಗ್ ಸೀಸೆ ಬಗ್ಗಿಸಿದ. ಉಜ್ಜಿದ.

"ಇನ್ನೂ ಚೆನ್ನಾಗಿ ಉಜ್ಜು!"

ಉಜ್ಜಿದ. ಸಿಗರೇಟ್ ಹಚ್ಚಿದ. ಅರ್ಧ ಸೇದುವಷ್ಟರಲ್ಲಿ ಕಣ್ಣು ಅರಳಿತು. "ಹೌದಲ್ಲೋ! ನೋವೇ ಇಲ್ಲ! ಕೈಯೇ ಇಲ್ಲದ ಹಾಗಿದೆ!"

"ತುಟಿ ಜುಮುಜುಮು ಅಂತಿದೆಯಾ?"

"ಹ್ಞೂಂ... ಸ್ವಲ್ಪ."

"ನಾಲಿಗೆ?"

ಸಿಗರೇಟು ಅವನ ಬಾಯಿಂದ ಜಾರಿ ಬಿತ್ತು.

"ಎದೆ ಡವಡವ ಅನ್ನೋದು ಇನ್ನೇನು ಶುರುವಾಗತ್ತೆ," ಎಂದೆ. "ಅದರಲ್ಲಿ ಹಸಿ ವತ್ಸನಾಭಿ ಇದೆ, ಟಾಂಗ್. ಗಟ್ಟಿ ಚರ್ಮದ ಮೇಲೆ ಔಷಧಿ. ಗಾಯದ ಮೇಲೆ ವಿಷ. ಚರ್ಮ ಕಿತ್ತ ಕಡೆ ಹಚ್ಚಬಾರದು ಅಂತ ನಮ್ಮಲ್ಲಿ ಅಂಗಡಿ ಗುಡಿಸೋನಿಗೂ ಗೊತ್ತು. ನೀನು ಬಾಟಲಿ ಮೇಲೆ ಮುಖ ಹಾಕ್ಕೊಂಡಿದ್ದೀಯ, ನಿನಗೆ ಗೊತ್ತಿಲ್ವಾ?"

"ಲೋ... ಬಡ್ಡೀಮಗನೇ!" ಎದ್ದ. ಮೇಜು ಹಿಡಿದುಕೊಂಡ. ಪಂಡಿತನ ಕಡೆ ತಿರುಗಿದ. "ಇದಕ್ಕೆ ಮದ್ದೇನು? ಬೇಗ ಹೇಳ್ರೀ!"

ಪಂಡಿತ ಗಡ್ಡ ನೀವಿಕೊಂಡ. "ಮಾಕ್ ಅಂಗಡಿ ಗುಟ್ಟು ನನಗೆ ಹೇಗಪ್ಪ ಗೊತ್ತಾಗಬೇಕು?"

ಕಳ್ಳ ಮುದುಕ! ಆ ಮದ್ದು ಯಾವ ಅಜ್ಜಿಗೆ ಗೊತ್ತಿಲ್ಲ?

"ಹಗ್ಗ ಬಿಚ್ಚು. ನಾವಿಬ್ಬರೂ ಟ್ಯಾಕ್ಸಿ ಹತ್ತಿದ ಮೇಲೆ ಮದ್ದು ಹೇಳ್ತೀನಿ. ಸುತ್ತಿಗೆ ಎತ್ತಿದ್ರೆ ಸುತ್ತಿಗೆಯ ಹತ್ರಾನೇ ಕೇಳ್ಕೋ."

ಬಿಚ್ಚಿದರು.

ಟ್ಯಾಕ್ಸಿ ಹೊರಡುವಾಗ ಕಿಟಕಿಯಿಂದ ತಲೆ ಹಾಕಿ ಕೂಗಿದೆ. "ಮೊದಲು ಕೈ ತೊಳಿ! ಹೆಸರುಕಾಳು, ಜೇಷ್ಠಮಧು! ಕುದಿಸಿ ಕುಡಿ!"

ಅವನು ಬದುಕಿದ, ಬಿಡಿ. ಆದರೆ ತನ್ನ ಕೈಗೆ ತಾನೇ ವಿಷ ಉಜ್ಜಿಕೊಂಡವನ ಮುಖವಿರುವ ಬಾಟಲಿ ಯಾರು ಕೊಳ್ಳುತ್ತಾರೆ? ಸಂಜೆಯೊಳಗೆ ಪಂಡಿತ ಊರಿಗೆಲ್ಲ ಸಾರಿದ್ದ. ಟಾಂಗ್ ವಾರದಲ್ಲೇ ಲೇಬಲ್‌ಗಳನ್ನು ಸುಟ್ಟ.

ಶಾಂಘೈ ಸ್ಟ್ರೀಟಿನಲ್ಲಿ ಗುರುಗಳ ಅಂಗಡಿ. ಅದೇ ಬೆಂಚು, ಅದೇ ಬೋರ್ಡು. ಪುಯಿ ಲಾನ್ ಓಡಿ ಬಂದು ಗಂಡನ ಎರಡೂ ಕೈ ಹಿಡಿದು ಬೆರಳು ಬೆರಳನ್ನೂ ಮುಟ್ಟಿ ನೋಡಿದಳು. ನಾನು ಬೋರ್ಡು ಓದುತ್ತ ನಿಂತೆ.

"ಕೂತ್ಕೋ ಅಣ್ಣ," ಎಂದ ಹೊಯಿ. ನನ್ನ ತೋಳು ಹಿಡಿದ. "ಹನ್ನೆರಡು ವರ್ಷ ನಾನು ಹಾಕಿದ ಒಂದು ಜಾಡಿಯೂ ಸರಿಬರಲಿಲ್ಲ. ಗುರುಗಳು ನಿನಗೆ ಮಾತ್ರ ಹದಿನೆಂಟೂ ಕೊಟ್ರು ಅಂತ ಎಷ್ಟು ಉರ್ಕೊಂಡೆ ಗೊತ್ತಾ?"

"ನನಗೂ ಕೊಟ್ಟದ್ದು ಹದಿನೇಳೇ ಕಣೋ," ಎಂದೆ.

"ಅಪ್ಪ ಸಾಯುವಾಗ 'ಜಾಡಿ ಹಾಕುವಾಗ ಕ್ವಾನ್‌ನ ಕರೀರಿ' ಅಂದಿದ್ರು," ಎಂದಳು ಪುಯಿ ಲಾನ್. "ಇವರು ಕರೀಲಿಲ್ಲ. ನೀನೂ ಬರಲಿಲ್ಲ. ಎರಡೂ ಕತ್ತೆಗಳೇ!"

ಹೊಯಿಯ ಕೈ ಥಟ್ಟನೆ ನಿಂತಿತು. ಏನೋ ಹೊಳೆದಿತ್ತು ಅವನಿಗೆ.

"ಅಣ್ಣ... ನನ್ನ ಪಟ್ಟಿ ನೀನು ಓದಿದೆ."

"ಓದಿದೆ."

"ನಿನ್ನದು ನಾನು ಓದಿಲ್ಲ."

"ಇಲ್ಲ."

"ಅಂದ್ರೆ ಈಗ ಹದಿನೆಂಟೂ..."

"ಮೊದಲು ಭುಜ ಕೂರಿಸೋ."

ಟಕ್!

ಬೇಕಾದ್ದಕ್ಕಿಂತ ಜೋರಾಗಿಯೇ ಎಳೆದ. ಕಣ್ಣಲ್ಲಿ ನೀರು ಬಂತು. ಆದರೆ ಕೂತಿತು, ಸ್ವಾಮಿ. ಒಂದೇ ಎಳೆತಕ್ಕೆ! ಹಾಳಾದವನ ಕೈ ಕೈಯೇ.

"ಈಗ ಹೇಳು ಅಣ್ಣ. ಯಾವುದದು?"

ಅದನ್ನು ನಿಮಗೂ ಹೇಳುವುದಿಲ್ಲ, ಕೇಳಬೇಡಿ.

"ಜಾಡಿ ಹಾಕೋ ದಿನ ಹೇಳಿ ಕಳಿಸು. ಬರ್ತೀನಿ," ಎಂದೆ, ಅಂಗಿ ಹಾಕಿಕೊಳ್ಳುತ್ತ. "ನಾನು ಮೂಲಿಕೆ ಹಾಕುವಾಗ ನೀನು ಗೋಡೆ ಕಡೆ ತಿರುಗಿ ನಿಂತ್ಕೋ."

ಅವನ ಮುಖ ಕಪ್ಪಿಟ್ಟಿತು. ನನಗೆ ಆ ಮುಖ ಚೆನ್ನಾಗಿ ಗೊತ್ತು. ದಿನಾ ಕನ್ನಡಿಯಲ್ಲಿ ನೋಡಿದ್ದೇನೆ.

ಹನ್ನೆರಡು ವರ್ಷ ನಾನು ಉರಿದದ್ದಾಯಿತು... ಇನ್ನು ಹನ್ನೆರಡು ವರ್ಷ ಅವನ ಸರದಿ!